ಬೆಳೀಬೇಕಾದ್ದು, ಬೆಳೀಬಾರದ್ದು

ಜೂನ್ ೪, ಬೆಳಗ್ಗೆ

ಲ್ಯಾಬಿನ ಮಷಿನ್ ಇವತ್ತೂ ಕೂಗಲಿಲ್ಲ. ಸದ್ಯ. ರಕ್ತದ ಬಾಟಲಿಗಳೆಲ್ಲ ಒಳಗೆ ಬೆಚ್ಚಗೆ ಕೂತಿವೆ. ಕ್ರಿಮಿ ಇದ್ದರೆ ಬೆಳೆಯುತ್ತದೆ, ಬೆಳೆದರೆ ಬೀಪ್. ಕೆಳಗಿನ ಸಾಲಿನಲ್ಲಿ ತಂಗಿಯದು ಎರಡು. ಹಾದುಹೋಗುವಾಗಲೆಲ್ಲ ಕಣ್ಣು ಅಲ್ಲಿಗೇ.

ಆಮೇಲೆ ಅವಳ ಸ್ಲೈಡ್. ಒಂದು ಹನಿ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕೆಂಪು ಕಣ ಇವೆ. ಬಿಳಿಯದು ಒಂದೂ ಇಲ್ಲ. ಕಾಯಿಲೆ ಬಿದ್ದ ಅವಳ ಮೂಳೆಮಜ್ಜೆಯನ್ನು ಔಷಧಿಯಿಂದ ಸುಟ್ಟು, ನನ್ನದನ್ನು ಹಾಕಿದ್ದಾರೆ. ನನ್ನದು ಅವಳಲ್ಲಿ ಚಿಗುರಿ ಬಿಳಿ ಕಣ ಬಂದರೆ ಅವಳು ಉಳಿಯುತ್ತಾಳೆ. ಇಲ್ಲದಿದ್ದರೆ... ಬರೆಯುವುದಿಲ್ಲ.

ನನ್ನ ಮಜ್ಜೆಗೆ ಒಳಗೆ ಪ್ರವೇಶ. ನನಗಿಲ್ಲ. ದರಿದ್ರ ನೆಗಡಿ!

ಜೂನ್ ೫

ಕೆಲಸ ಮುಗಿಸಿ ವಾರ್ಡಿಗೆ. ಬಾಗಿಲಲ್ಲೇ ನರ್ಸ್ ತಡೆದಳು. "ಸೀನ್ಕೊಂಡು ಎಲ್ಲಿಗೆ? ಮೊದಲೇ ಕ್ರಿಮಿಗಳ ಜೊತೆ ಸಂಸಾರ ಮಾಡೋಳು ನೀನು."

ಗಾಜಿನಾಚೆ ತಂಗಿ. ತಲೆ ಬೋಳು, ಕಿವಿ ದೊಡ್ಡದಾಗಿ ಕಾಣುತ್ತದೆ. ಫೋನ್ ಎತ್ತಿದಳು.

"ಏನೇ ಜಿಗಣೆ, ಇವತ್ತು ಎಷ್ಟು ರಕ್ತ ಕುಡಿದೆ?"

"ಎರಡೇ ಟ್ಯೂಬು. ಉಪ್ಪು ಕಮ್ಮಿ ಇತ್ತು."

"ಒಂದಾದ್ರೂ ಬಂತಾ ನಿಂದು?"

"ಇನ್ನೂ ಇಲ್ಲ ಕಣೇ."

"ನಿನ್ನ ಕಣ ಅಲ್ವಾ, ಸೋಮಾರಿಗಳು. ಎಬ್ಬಿಸೋಕೆ ಅಮ್ಮನೇ ಬರಬೇಕು!"

ನಕ್ಕೆ. ಮೆಟ್ಟಿಲಿಳಿಯುವಾಗ ಅತ್ತುಬಿಟ್ಟೆ. ದಿನಾ ಅವಳ ರಕ್ತ ನೋಡುತ್ತೇನೆ, ಅವಳನ್ನು ಮುಟ್ಟಲು ಆಗುತ್ತಿಲ್ಲ. ಒಂದೇ ಹೊದಿಕೆಗೆ ಕಿತ್ತಾಡಿ ಬೆಳೆದವರು ನಾವು. ಅವಳ ತಣ್ಣನೆ ಪಾದ ನನ್ನ ಕಾಲಿಗೆ ತಗುಲಿದರೆ ಒದೆಯುತ್ತಿದ್ದೆ. ಈಗ ಆ ಪಾದ ಬೇಕು.

ಜೂನ್ ೮

ಬಾಟಲಿಗಳ ಅವಧಿ ಮುಗಿಯಿತು. ಎರಡೂ ಶುದ್ಧ! ಕಾರಿಡಾರಿಗೆ ಓಡಿದೆ. ಅಮ್ಮ ಬೆಂಚಿನ ಮೇಲಿದ್ದಳು.

"ಅಮ್ಮಾ, ಏನೂ ಬೆಳೆದಿಲ್ಲ!" ನಗುನಗುತ್ತ ಬೇರೆ.

ಅಮ್ಮನ ಮುಖ ಬಿಳಿಚಿಕೊಂಡಿತು. "ಒಂದೂ ಬೆಳೀಲಿಲ್ವೇನೇ? ಅಷ್ಟು ನೋವು ತಿಂದು ಕೊಟ್ಟೆಯಲ್ಲೇ... ಅದಕ್ಕೆ ನಗ್ತೀಯಾ, ಹುಚ್ಚಿ?"

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಲ್ಯಾಬಿನಲ್ಲಿ ಆಡಿ ಆಡಿ ಅಭ್ಯಾಸ. "ಅದಲ್ಲಮ್ಮ, ನಾನು ಹೇಳಿದ್ದು ಕ್ರಿಮಿ. ಬೆಳೀಬಾರದ್ದು ಬೆಳೆದಿಲ್ಲ ಅಂತ."

"ಮತ್ತೆ ಬೆಳೀಬೇಕಾದ್ದು?"

ಅದೂ ಬೆಳೆದಿಲ್ಲ. ಪಕ್ಕದಲ್ಲಿ ಕೂತೆ.

ಜೂನ್ ೧೦

ಅಮ್ಮನಿಗೆ ಈಗ ಎರಡೇ ಪ್ರಶ್ನೆ. "ಬೆಳೀಬೇಕಾದ್ದು?" ಇಲ್ಲ. "ಬೆಳೀಬಾರದ್ದು?" ಇಲ್ಲ. ಒಂದು ಇಲ್ಲಕ್ಕೆ ನಿಟ್ಟುಸಿರು, ಇನ್ನೊಂದಕ್ಕೆ "ಸದ್ಯ".

ಲ್ಯಾಬಿನ ಸಿಡುಕಿ ಡಾಕ್ಟರು ನನ್ನ ಕೈಯಿಂದ ತಂಗಿಯ ಸ್ಲೈಡ್ ಕಸಿದುಕೊಂಡರು. ಮನೆಯವರದನ್ನು ನಾನು ನೋಡಬಾರದಂತೆ. ಕಾಡಿದೆ, ಬೇಡಿದೆ. "ನೋಡ್ಕೋ ಹೋಗು. ನಾನೂ ನೋಡ್ತೀನಿ, ರಿಪೋರ್ಟಿಗೆ ಸಹಿ ನಂದೇ" ಎಂದರು. ಮೂಗು ಕೆಂಪಗಾಗಿತ್ತು. ನೆಗಡಿ ಅವರಿಗೂ ದಾಟಿದೆಯೋ ಏನೋ.

ಸಂಜೆ ತಂಗಿಗೆ ಜ್ವರ. ಮತ್ತೆ ಎರಡು ಬಾಟಲಿ.

ಜೂನ್ ೧೧, ಮಧ್ಯಾಹ್ನ

ಬೀಪ್.

ಕೆಳಗಿನ ಸಾಲು. ಅವಳದೇ. ಮೊದಲ ಸ್ಲೈಡ್ ಒಡೆದೆ. ಎರಡನೆಯದಕ್ಕೆ ಬಣ್ಣ ಹಾಕಿದೆ — ನೇರಳೆ ದುಂಡುಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಎಷ್ಟು ಚೆನ್ನಾಗಿ ಬೆಳೆದಿವೆ ಪಾಪಿಗಳು.

ಎರಡರಲ್ಲಿ ಒಂದೇ ಬಾಟಲಿ. ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿಕೊಂಡದ್ದೂ ಇರಬಹುದು ಎಂದರು ಡಾಕ್ಟರು. ಬೇರೆಯವರ ಬಾಟಲಿಯಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ, ಟೀ ಕುಡಿಯುತ್ತ. ಔಷಧಿ ಶುರು ಮಾಡಿದರು, ಅದಕ್ಕೂ ಮೊದಲೇ ಮತ್ತೆ ರಕ್ತ ತೆಗೆದು ಹೊಸ ಬಾಟಲಿ ಇಟ್ಟರು.

ಅಮ್ಮ ಕೇಳಿದಳು, "ಬೆಳೀಬಾರದ್ದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜೋರಾಗಿ ಸೀನಿದೆ. ಅವಳು ಮತ್ತೆ ಕೇಳಲಿಲ್ಲ. ಅರ್ಥವಾಗಿರಬೇಕು. ಹೆತ್ತವಳಲ್ಲವೇ.

ಜೂನ್ ೧೬

ಬರೆಯಲು ಧೈರ್ಯವಿರಲಿಲ್ಲ ಇಷ್ಟು ದಿನ. ಹೊಸ ಬಾಟಲಿಗಳು ಶುದ್ಧ. ಬೆಳೆದದ್ದು ಚರ್ಮದ ಬಡಪಾಯಿ ಕ್ರಿಮಿಯೇ. ಜ್ವರ ಇಳಿದಿದೆ. ನನ್ನ ನೆಗಡಿಯೂ ಹೋಯಿತು, ಆದರೂ ಒಳಗೆ ಬಿಡುತ್ತಿಲ್ಲ. ಕಣ ಬರಲಿ ಅನ್ನುತ್ತಾರೆ. ಬರಲಿ, ಬರಲಿ... ಬನ್ನಿರೇ, ಎದ್ದೇಳಿ ಸೋಮಾರಿಗಳಾ!

ಜೂನ್ ೧೭

ಸ್ಲೈಡಿನ ಅಂಚಿನಲ್ಲಿ ಒಂದು.

ಮೂರು ಹೋಳಿನ ನೇರಳೆ ನ್ಯೂಕ್ಲಿಯಸ್, ತಿಳಿಗುಲಾಬಿ ಮೈ. ಬಿಳಿ ಕಣ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಅಲ್ಲೇ ಇತ್ತು. ಡಾಕ್ಟರನ್ನು ಕರೆದೆ. ನೋಡಿದರು. "ನಿಂದೇ. ನಿನ್ನ ಹಾಗೇ ಲೇಟು" ಎಂದು ಮುಖ ತಿರುಗಿಸಿಕೊಂಡರು.

ಕಾರಿಡಾರಿನಲ್ಲಿ ಈ ಸಲ ಮಾತು ನೋಡಿ ಆಡಿದೆ. "ಅಮ್ಮ, ಬೆಳೀಬೇಕಾದ್ದು ಬೆಳೀತಿದೆ."

ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅಲ್ಲೇ ತಲೆಯಿಟ್ಟು ಅತ್ತಳು.

ಜೂನ್ ೨೩

ಕಣ ದಿನಾ ಏರುತ್ತಿವೆ. ಇವತ್ತು ಬಾಗಿಲು ತೆಗೆದರು. ಕೈ ತೊಳೆಸಿದರು, ಗೌನ್, ಮಾಸ್ಕ್. ಎಷ್ಟೆಲ್ಲ ಹೇಳಬೇಕು ಅಂದುಕೊಂಡಿದ್ದೆ. ಹಾಸಿಗೆ ಪಕ್ಕ ಕಂಬದ ಹಾಗೆ ನಿಂತೆ.

"ಏನೇ ಜಿಗಣೆ, ನೆಂಟರ ತರ ನಿಂತಿದ್ದೀಯ? ಕೂತ್ಕೋ. ಈಗ ನನ್ನ ರಕ್ತಾನೂ ನಿಂದೇ, ಏನು ಕುಡೀತೀಯ?"

ಹೊದಿಕೆಯ ಕೆಳಗಿನಿಂದ ಪಾದ ಚಾಚಿ ನನ್ನ ಕೈಗೆ ಒತ್ತಿದಳು. ತಣ್ಣಗಿತ್ತು. ಜ್ವರವಿಲ್ಲ, ಏನಿಲ್ಲ, ಮೊದಲಿನ ಹಾಗೇ ತಣ್ಣಗೆ. ಒದೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಡಲಿಲ್ಲ.