ಸುಯಿ ಪಾರ್ ಮುಳುಗುವ ದಿನ

ಏಪ್ರಿಲ್ 7, ಬೆಳಿಗ್ಗೆ

ಜೋಳದ ಗಂಜಿ, ಖಾರದ ಚಟ್ನಿ. ಹಂದಿಗೂ ಹಾಕಿದ್ದಾಯಿತು. ಆಕಾಶ ಖಾಲಿ. ಈಗೀಗ ಎದ್ದ ಕೂಡಲೇ ನೋಡುವುದು ಅದನ್ನೇ. ಆಚೆ ಗುಡ್ಡದ ಚರ್ಚಿನ ಮೇಲೆ ನಮ್ಮದೇ ದೇಶದ ಸೇನೆಯ ವಿಮಾನ ಬಾಂಬು ಹಾಕಿ ವಾರವಾಯಿತು.

ಈಸ್ಟರ್ ಹಿಂದಿನ ದಿನ ತಂಗಿಯ ಮಗಳು ಸುಯಿ ಪಾರ್‌ಗೆ ದೀಕ್ಷಾಸ್ನಾನ. ಹೊಳೆಯಲ್ಲಿ ಪೂರ್ತಿ ಮುಳುಗಿಸುವುದು ನಮ್ಮ ಚರ್ಚಿನ ಪದ್ಧತಿ. ಬಟಾಬಯಲು, ಬಿಳಿ ಅಂಗಿ... ಮೇಲಿನಿಂದ ಕೊಕ್ಕರೆಯ ಹಾಗೆ ಕಾಣುತ್ತಾಳೆ.

ಏಪ್ರಿಲ್ 8

"ಕೆಳಗಿನ ಚರ್ಚಿನೋರ ಹಾಗೆ ತಲೆಗೆ ನಾಲ್ಕು ಹನಿ ಹಾಕಿಸ್ಕೊ ಮಗಳೇ. ಸಾಕು" ಎಂದೆ.

"ಅದು ದೀಕ್ಷೆ ಅಲ್ಲ, ಕೊತ್ತಂಬರಿ ಮಡಿಗೆ ನೀರು ಚಿಮುಕಿಸೋದು ಅಂತ ಊರನ್ನೆಲ್ಲ ನಗಿಸಿದ್ದು ಯಾರು ಮಾವ?"

ನಾನೇ. ಒಳ್ಳೇ ಮಾತಾಗಿತ್ತು. ಈಗಲೂ ಒಳ್ಳೇದೇ. ಆದರೆ...

ಏಪ್ರಿಲ್ 11

ನಮ್ಮ ಮೇಲಿನ ಚರ್ಚಿನ ಸಮಿತಿ ಸೇರಿತ್ತು. ಹೊಳೆಯಿಂದ ಮೇಲೆ, ಗುಡ್ಡದ ಮರಗಳ ಅಡಿ ಗುಂಡಿ ತೋಡೋಣ, ಅಲ್ಲೇ ಮುಳುಗಿಸೋಣ ಎಂದೆ. ನಿಂತ ನೀರು ನಡೆಯುತ್ತದೋ ಇಲ್ಲವೋ ಎಂದು ಮಧ್ಯಾಹ್ನದವರೆಗೂ ಜಗಳ. ವಿಮಾನದ ಮಾತು ಯಾರೂ ಎತ್ತಲಿಲ್ಲ. ಹೆದರಿಕೆ ಮುಚ್ಚಿಡಲು ಜಗಳದಂಥ ಮುಚ್ಚಳವಿಲ್ಲ.

ಕೊನೆಗೆ ಪಾಸ್ಟರ್ ಥಾಂಗ್ ಕಿಲ್: "ಆಗ್ಲಿ ಅಣ್ಣ. ಆದ್ರೆ ನೀರು ಮಾತ್ರ ಹೊಳೇದೇ ಆಗ್ಬೇಕು."

ಆ ಏರು ಹತ್ತಿಸಿ ಹೊರುವವರು ಯಾರು? ಹುಡುಗರೆಲ್ಲ ಸೇನೆಯ ವಿರುದ್ಧ ಬಂದೂಕು ಹಿಡಿದು ಕಾಡು ಸೇರಿದ್ದಾರೆ.

ಏಪ್ರಿಲ್ 17

ಗುಂಡಿ ತಯಾರು. ಈ ಸೀಮೆಯಲ್ಲಿ ನನ್ನಂತೆ ತೋಡುವವನಿಲ್ಲ. ಟಾರ್ಪಾಲ್ ಹಾಸಿದೆ. ನೀರು ಮಾತ್ರ ಮೊಣಕಾಲಿಗೂ ಬಂದಿಲ್ಲ. ಹೊತ್ತು ಹೊತ್ತು ನನ್ನ ಸೊಂಟ ಹೋಯಿತು.

ಸಂಜೆ ಕೆಳಗಿನ ಚರ್ಚಿನ ಹಿರಿಯ ಬಿಯಾಕ್ ಮಾಂಗ್ ಬಂದ. ನಮ್ಮ ಚರ್ಚಿನ ಹಿರಿಯರ ಚುನಾವಣೆಯಲ್ಲಿ ಜಗಳವಾಡಿ ಬೇರೆ ಚರ್ಚು ಕಟ್ಟಿದವನು. ಅಂದಿನಿಂದ ನಮ್ಮ ಹೊಸಲು ತುಳಿದಿಲ್ಲ. ಹಿಂದೆ ಅವನ ಜನ, ಎಲ್ಲರ ಬೆನ್ನಿಗೂ ಹೊಳೆ ನೀರಿನ ಕ್ಯಾನು.

ಗುಂಡಿಗೆ ಇಣುಕಿದ. "ಏನಯ್ಯಾ, ಕೊತ್ತಂಬರಿ ಮಡಿ ಇಷ್ಟು ದೊಡ್ಡದಾ?"

ನನ್ನ ಮಾತನ್ನೇ ನನಗೆ ತಿರುಗಿಸಿದ! ಅವನ ಬೆನ್ನಿನ ಕ್ಯಾನು ನಾನೇ ಇಳಿಸಿದೆ. ಗುಂಡಿ ತುಂಬಿತು.

ಏಪ್ರಿಲ್ 19, ಬೆಳಿಗ್ಗೆ

ಬಂಡೆ ಸಂದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸುಯಿ ಪಾರ್ ಮುಳುಗಿದಳು. ಪೂರ್ತಿ. ಎದ್ದು ಉಸಿರೆಳೆದುಕೊಂಡಳು — ಅಷ್ಟರಲ್ಲಿ ವಿಮಾನದ ಸದ್ದು. ಎಲ್ಲರೂ ಇಲ್ಲಿಗೆ ಓಡಿ ಬಂದೆವು, ಮೇಲಿನವರು, ಕೆಳಗಿನವರು, ಒಬ್ಬರ ಮೇಲೊಬ್ಬರು. ಅವಳ ಕೂದಲಿನ ನೀರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿದೆ.

"ಏನ್ ಬರೀತಿದೀರ ಮಾವ?"

"ನಾನೊಬ್ಬನೇ ಹೆದರ್ಲಿಲ್ಲ ಅಂತ."

"ಮತ್ತೆ ನನ್ ಕೈ ಯಾಕೆ ಬಿಡ್ತಿಲ್ಲ?"

ಚಳಿಗೆ.

ಸದ್ದು ದೂರ ಹೋಯಿತು. ಪಾಸ್ಟರೂ ಬಿಯಾಕ್ ಮಾಂಗನೂ ಪಿಸುದನಿಯಲ್ಲಿ ಒಂದೇ ಹಾಡು ಹಿಡಿದಿದ್ದಾರೆ. ಇಬ್ಬರ ರಾಗವೂ ತಪ್ಪು. ನಾನೇ ಸರಿ ಮಾಡಬೇಕು. ಈ ಊರಲ್ಲಿ ನನ್ನ ಕಂಠದ ಮುಂದೆ...

ಇಲ್ಲ. ವಿಮಾನ ತಿರುಗಿತು. ಈ ಕಡೆಗೇ. ಹಾಡು ನಿಂತಿಲ್ಲ. ಸುಯಿ ಪಾರ್ ಕೂಡ ಈಗ ದನಿ ಸೇರಿಸಿದ್ದಾಳೆ. ನಾನೂ —