ಕೊಳೆತದ್ದನ್ನು ಮೇಲಿಡಲು ಕಲಿಸಿದವರಿಗೆ

ಹೀಗೆ ಮೂರನೇ ಸಲವೂ ನಿಮ್ಮ ಕಚೇರಿಯ ಕಿಟಕಿಯಿಂದ ನನ್ನ ಅರ್ಜಿ ವಾಪಸ್ ಬಂತು, ಕಾರ್ಮಿಕ ಮಂತ್ರಿಗಳೇ. ಬೆಳಗಿನ ಪಾಳಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದು, ನಿಮ್ಮದೇ ದೊಡ್ಡ ಫೋಟೋದ ಕೆಳಗೆ ಎರಡು ಗಂಟೆ ನಿಂತ ಮೇಲೆ ಗುಮಾಸ್ತರು ಹೇಳಿದ್ದು ಇಷ್ಟೇ: "ಏನಮ್ಮಾ, ಮಂತ್ರಿಗಳೇ ಸಹಿ ಹಾಕಿದ್ದಾರೆ. ತಪ್ಪು ನಿಮ್ಮಕ್ಕಂದೇ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ, ಇನ್ನೇನ್ ನೋಡೋದು?" ಹೌದು, ನಾನೇ ಬರೆದುಕೊಟ್ಟೆ. ಹಾಗೆ ಬರೆಯುವುದನ್ನು ನನಗೆ ಕಲಿಸಿದವರು ಯಾರೆಂದು ಪಾಪ ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅದಕ್ಕೇ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಕೂತು ಬರೆಯುವ ತಾಳ್ಮೆ ನನಗಿಲ್ಲ. ಫೋನಿಗೆ ಮಾತಾಡಿ ಕಳಿಸಿದ್ದನ್ನು ಪತ್ರಿಕೆಯವರು ಅಕ್ಷರಕ್ಕೆ ಇಳಿಸಿದ್ದಾರೆ. ಭಾಷೆ ಅವರು ತಿದ್ದಿರಬಹುದು, ಸಿಟ್ಟು ನನ್ನದೇ.

ನಿಮ್ಮ ಜೀವನಚರಿತ್ರೆ ನನಗೆ ಬಾಯಿಪಾಠ. ಚುನಾವಣೆಯಲ್ಲಿ ಅದನ್ನು ಮನೆಮನೆಗೆ ಹೋಗಿ ಹೇಳಿದವಳು ನಾನು. ಗೇಣಿ ಹೊಲದಲ್ಲಿ ಆಲೂಗಡ್ಡೆ ಬೆಳೆದಿರಿ. ಮಾರುಕಟ್ಟೆಗೆ ಬರುವವರೆಲ್ಲ ಮೂಟೆಯ ಬಾಯಿಗೆ ಒಳ್ಳೆಯದನ್ನು ಜೋಡಿಸಿ, ಕೊಳೆತದ್ದನ್ನು ತಳಕ್ಕೆ ತುರುಕುತ್ತಿದ್ದ ಕಾಲದಲ್ಲಿ ನೀವೊಬ್ಬರೇ ಉಲ್ಟಾ ತುಂಬಿದಿರಿ: ಕೊಳೆತದ್ದು, ಗುದ್ದಲಿ ತಾಗಿದ್ದು, ಹಸಿರಿಗೆ ತಿರುಗಿದ್ದು ಎಲ್ಲ ಮೇಲೆ, ಒಳ್ಳೆಯದು ಕೆಳಗೆ. "ಮೇಲಿನದು ನೋಡಿ ಹೆದರಬೇಡಿ, ತಳದವರೆಗೂ ಕೈ ಹಾಕಿ ನೋಡಿ" ಎಂದು ಕೊಳ್ಳುವವರಿಗೆ ಹೇಳಿದಿರಿ. ಮೊದಲ ವರ್ಷ ನಕ್ಕರು. ಎರಡನೇ ವರ್ಷ ಕೈ ಹಾಕಿ ನೋಡಿದರು. ಮೂರನೇ ವರ್ಷ ನಿಮ್ಮ ಗಾಡಿ ಬರುವವರೆಗೆ ಕಾದು ಕೂತರು. ಅಲ್ಲಿಂದ ಒಂದು ಶೆಡ್ಡು, ಶೆಡ್ಡಿನಿಂದ ಶೈತ್ಯಾಗಾರ, ಶೈತ್ಯಾಗಾರದಿಂದ ನೇರ ವೇದಿಕೆ. "ಸರ್ಕಾರವನ್ನೂ ಹೀಗೇ ತುಂಬ್ತೀನಿ, ಕೊಳೆತದ್ದು ಮೇಲೆ ಕಾಣ್ಲಿ" ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನಿದ್ದೆ, ಅಕ್ಕನೂ ಇದ್ದಳು. ಆಗ ಅವಳಿಗೆ ಹತ್ತು ಬೆರಳಿದ್ದವು.

ನಾನು ಎಲ್ಲಿಂದಲೋ ಬಂದವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯ ಎಂದು ಅಮ್ಮ ಬೈಯುತ್ತಿದ್ದಳು. ಶೆಡ್ಡಿನಲ್ಲೂ ನನ್ನ ಹೆಸರು ಚಕ್ರ ಎಂದೇ ಆಯಿತು. ಎರಡು ವರ್ಷದಲ್ಲಿ ಐದು ಕೆಲಸ ಬಿಟ್ಟವಳು ನಿಮ್ಮಲ್ಲಿ ನಿಂತೆ. ಯಾಕೆ ಗೊತ್ತೇ? ಮೊದಲ ವಾರವೇ ಒಂದು ಕ್ರೇಟು ಬೀಳಿಸಿ, ಜಜ್ಜಿದ ಆಲೂಗಡ್ಡೆಯನ್ನೆಲ್ಲ ಗೋಣಿಯ ಹಿಂದೆ ಬಚ್ಚಿಟ್ಟಿದ್ದೆ. ನೀವು ಬಂದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿರಿ. "ಮಗಾ, ಬಚ್ಚಿಟ್ಟಿದ್ದು ಪಕ್ಕದ್ದನ್ನೂ ಕೊಳೆಸುತ್ತೆ. ಮೊದಲು ನಿನ್ನ ತಪ್ಪು ಹೇಳು, ಆಮೇಲೆ ನಿನ್ನ ಕಷ್ಟ ಹೇಳು. ಪೂರ್ತಿ ಕೇಳೋದು ನನ್ನ ಜವಾಬ್ದಾರಿ" ಎಂದಿರಿ. ಹಾಗೆ ಮಾತಾಡುವ ಯಜಮಾನರನ್ನು ನಾನು ಕಂಡಿರಲಿಲ್ಲ. ಅವತ್ತೇ ಅಕ್ಕನಿಗೆ ಫೋನ್ ಮಾಡಿ, ಬಾರೇ, ಇಲ್ಲಿ ಮನುಷ್ಯರಿದ್ದಾರೆ ಎಂದೆ. ಬಂದಳು.

ನೀವು ಮಂತ್ರಿಯಾದ ಮೇಲೆ ಶೆಡ್ಡು ನಿಮ್ಮ ಅಳಿಯಂದಿರ ಕೈಗೆ ಹೋಯಿತು. ಆಲೂಗಡ್ಡೆ ಆರಿಸುವ ಬೆಲ್ಟಿನ ಪಕ್ಕ ಕೆಂಪು ಗುಂಡಿಯೊಂದಿದೆಯಲ್ಲ, ಒತ್ತಿದರೆ ಬೆಲ್ಟು ನಿಲ್ಲಬೇಕಾದದ್ದು, ಅದು ಕೆಟ್ಟು ಹನ್ನೊಂದು ದಿನವಾಗಿತ್ತು. ಅಕ್ಕ ಮೂರು ಸಲ ಮೇಸ್ತ್ರಿಗೆ ಹೇಳಿದ್ದಳು. "ಒತ್ತಿದ್ರೆ ನಿಲ್ತಾ ಇಲ್ಲ ಸಾರ್" ಎಂದರೆ, "ಹಾಗಾದ್ರೆ ಒತ್ತಬೇಡ" ಎಂದು ನಕ್ಕಿದ್ದ. ಹನ್ನೆರಡನೇ ದಿನ ಉರುಳೆಗಳ ನಡುವೆ ಕಲ್ಲು ಸಿಕ್ಕಿತು. ಬೆಲ್ಟು ನಿಲ್ಲಿಸಬೇಕಾದರೆ ಶೆಡ್ಡಿನ ಆ ತುದಿಯ ಮೇನ್ ಸ್ವಿಚ್ಚಿಗೆ ಓಡಬೇಕು, ಮಧ್ಯೆ ನಿಲ್ಲಿಸಿದರೆ ಮೇಸ್ತ್ರಿಯ ಬಾಯಿಗೆ ಬೀಳಬೇಕು. ಅಕ್ಕ ಕೈ ಹಾಕಿದಳು. ಬಲಗೈಯ ಮೂರು ಬೆರಳು ಹೋದವು.

ಈಗ ನಿಮ್ಮ ಸುಧಾರಣೆಯ ವಿಚಾರಕ್ಕೆ ಬರುತ್ತೇನೆ. ಅಪಘಾತವಾದರೆ ಕೆಲಸಗಾರರೇ ತಮ್ಮ ಮಾತಿನಲ್ಲಿ ಹೇಳಿಕೆ ಬರೆಯಬೇಕು, ಮಾಲೀಕರಲ್ಲ ಎಂದು ಕಾನೂನು ತಂದವರು ನೀವು. ಒಳ್ಳೆಯ ಕಾನೂನು. ಅಕ್ಕನ ಕೈಯಲ್ಲಿ ಬರೆಯಲಾಗದೆ, ಆಸ್ಪತ್ರೆಯಲ್ಲಿ ಅವಳ ಮಂಚದ ಮೇಲೇ ನಾನು ಕಾಗದ ಹರಡಿಕೊಂಡೆ.

"ಗುಂಡಿ ಕೆಟ್ಟಿದ್ದನ್ನ ಮೊದ್ಲು ಬರಿಯೇ" ಎಂದಳು.

"ಯಜಮಾನ್ರ ಪದ್ಧತಿ ಗೊತ್ತಿಲ್ವಾ ಅಕ್ಕಾ? ನಮ್ಮ ತಪ್ಪು ಮೊದ್ಲು."

"ಅವ್ರೀಗ ಯಜಮಾನ್ರಲ್ಲ ಕಣೆ, ಮಂತ್ರಿ."

"ಮನುಷ್ಯ ಅದೇ ತಾನೆ?"

ಅಕ್ಕ ಗೋಡೆಯ ಕಡೆ ಹೊರಳಿದಳು. ನಾನು ಮೊದಲ ಸಾಲು ಬರೆದೆ: ಬೆಲ್ಟು ನಿಲ್ಲಿಸದೆ ಕೈ ಹಾಕಿದ್ದು ನನ್ನ ಅಕ್ಕನ ತಪ್ಪು. ಅದರ ಕೆಳಗೆ ಹದಿನೆಂಟು ಸಾಲು: ಗುಂಡಿ, ಹನ್ನೊಂದು ದಿನ, ಮೂರು ದೂರು, ಮೇಸ್ತ್ರಿಯ ನಗು.

ನಿಮ್ಮ ಆದೇಶದಲ್ಲಿ ಆ ಮೊದಲ ಸಾಲು ಮಾತ್ರ ಇದೆ, ಅಕ್ಷರ ತಪ್ಪಿಲ್ಲದೆ. ಅದರ ಕೆಳಗೆ ತೀರ್ಪು: "ಹೇಳಿಕೆಯಲ್ಲೇ ಒಪ್ಪಿಕೊಂಡಿರುವಂತೆ, ಸ್ವಂತ ಅಜಾಗರೂಕತೆ. ಪರಿಹಾರವಿಲ್ಲ." ಮಿಕ್ಕ ಹದಿನೆಂಟು ಸಾಲು ಎಲ್ಲಿ ಹೋದವು ಸ್ವಾಮಿ? ಮೂಟೆಯ ಬಾಯಲ್ಲಿ ಒಂದು ಕೊಳೆತದ್ದು ಕಂಡಿತೆಂದು ಇಡೀ ಮೂಟೆಯನ್ನು ತಿಪ್ಪೆಗೆ ಎಸೆಯುವವರನ್ನು ನೀವು ಒಂದು ಕಾಲದಲ್ಲಿ ಏನೆಂದು ಬೈಯುತ್ತಿದ್ದಿರಿ, ನೆನಪಿದೆಯೇ? ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ, ಬಿಡಿ. ಗುಂಡಿ ಸರಿಯಾಗಿಯೇ ಇತ್ತು ಎನ್ನುತ್ತದೆ ನಿಮ್ಮ ಅಳಿಯಂದಿರ ಪತ್ರ. ಹಾಗಾದರೆ ಅಪಘಾತದ ಮಾರನೇ ಬೆಳಿಗ್ಗೆ ಆರು ಗಂಟೆಗೆ ಎಲೆಕ್ಟ್ರಿಷಿಯನ್ ಬಂದು ಏನನ್ನು ರಿಪೇರಿ ಮಾಡಿದ, ಗಾಳಿಯನ್ನೇ? ಬೇರೆ ಯಾವ ಮಂತ್ರಿ ಸಹಿ ಹಾಕಿದ್ದರೂ ನಾನು ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಅವರಿಗೆ ತಳದವರೆಗೆ ಕೈ ಹಾಕಿ ಅಭ್ಯಾಸವಿಲ್ಲ. ನಿಮಗಿತ್ತು.

"ಸ್ವಂತ ಅಜಾಗರೂಕತೆ" ಎಂಬ ಆ ಎರಡು ಪದ ಈಗ ಅಕ್ಕನ ದಾಖಲೆಯಲ್ಲಿ ಕೂತಿವೆ. ಅವು ಇರುವವರೆಗೆ ಯಾವ ಶೆಡ್ಡಿನವರೂ ಅವಳನ್ನು ಒಳಗೆ ಬಿಡುವುದಿಲ್ಲ. ಶನಿವಾರ ಶೆಡ್ಡಿನವರ ಹಾಸ್ಟೆಲಿನಲ್ಲಿರುವ ಅವಳ ಮಂಚವನ್ನೂ ಖಾಲಿ ಮಾಡಬೇಕು. ಮೇಲ್ಮನವಿ ತೆಗೆದುಕೊಳ್ಳುವುದು ಶುಕ್ರವಾರ ಸಂಜೆಯವರೆಗೆ. ಅವಳು ನನ್ನನ್ನು ಒಂದು ಮಾತೂ ಅಂದಿಲ್ಲ. ಎಡಗೈಯಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿಯುತ್ತಿದ್ದಾಳೆ. ನಿನ್ನೆ ಹಾಳೆಯಿಂದ ತಲೆ ಎತ್ತದೆಯೇ, "ಚಕ್ರಾ, ಈ ಸಲ ನಾನೇ ಬರೀತೀನಿ ಬಿಡು" ಎಂದಳು. ಅಷ್ಟೇ. ನಾನು ಎದ್ದು ಹೊರಗೆ ಬಂದೆ.

ನಿಮ್ಮಿಂದ ದಯೆ ಬೇಡ, ಭಾಷಣ ಬೇಡ, ಅಕ್ಕನ ಜೊತೆ ಫೋಟೋವಂತೂ ಬೇಡವೇ ಬೇಡ. ಆ ಆದೇಶ ವಾಪಸ್ ತೆಗೆದುಕೊಳ್ಳಿ. ಹತ್ತೊಂಬತ್ತು ಸಾಲನ್ನೂ ಓದಿ, ಅಕ್ಕನ ಎದುರಿಗೆ ಕೂತು, ಗಟ್ಟಿಯಾಗಿ. ಓದಿದ ಮೇಲೂ ಅದೇ ಸಹಿ ಹಾಕುವ ಧೈರ್ಯ ನಿಮಗಿದ್ದರೆ ಹಾಕಿ, ನಾವು ಗಂಟುಮೂಟೆ ಕಟ್ಟುತ್ತೇವೆ. ಇಲ್ಲವಾದರೆ ನಿಮ್ಮ ತಪ್ಪನ್ನು ಮೊದಲು ಹೇಳಿ, ನಿಮ್ಮ ಕಷ್ಟವನ್ನು ಆಮೇಲೆ ಹೇಳಿ. ಪೂರ್ತಿ ಕೇಳುವುದು ನನ್ನ ಜವಾಬ್ದಾರಿ.

ಇಂತಿ,
ನಿಮ್ಮ ಪದ್ಧತಿಯನ್ನು ನಿಮಗಿಂತ ಹೆಚ್ಚು ದಿನ ನಂಬಿ ಕೆಟ್ಟ,
ಪ್ಯಾಕಿಂಗ್ ಸಾಲಿನ ಚಕ್ರ

ನನ್ನ ನಂಬರು ನಿಮ್ಮ ಗುಮಾಸ್ತರ ರಿಜಿಸ್ಟರಿನಲ್ಲಿ ಮೂರು ಸಲ ಇದೆ. ಫೋನು ಅಕ್ಕನ ಕೈಯಲ್ಲಿರುತ್ತದೆ. ಎಡಗೈಯಲ್ಲಿ ಎತ್ತಬೇಕು, ತಡವಾಗುತ್ತದೆ, ಕಟ್ ಮಾಡಬೇಡಿ. ಶುಕ್ರವಾರ ಮಧ್ಯಾಹ್ನ ಒಂದೂಕಾಲಿಗೆ ಮಾಡಿ, ಸಂಜೆಯ ಗಡುವಿಗೆ ಇನ್ನೂ ಹೊತ್ತಿರುತ್ತದೆ.