ಬಿ ಸೆಕ್ಷನ್‌ಗೆ ಮಾಡದ ಪಾಠ

ಅಪ್ಪಾ,

ನೀನು ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಿನ್ನನ್ನು ನೆನೆದು ಅತ್ತಿದ್ದೇನೆ, ನಕ್ಕಿದ್ದೇನೆ, ಬೈದಿರಲಿಲ್ಲ. ಇವತ್ತು ಬೈಯುವುದಕ್ಕೇ ಕೂತಿದ್ದೇನೆ. ನಡುವೆ ಬಾಯಿ ಹಾಕಬೇಡ. ಹಾಕುವುದಾದರೆ ಹಾಕು, ನಿನ್ನ ದನಿ ಕೇಳಿಸಿದರೆ ಅದೇ ಸಾಕು.

ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಬಂದು ನಾವಿಬ್ಬರೂ ಚಾಮರಾಜನಗರದ ಬಸ್ಸು ಹತ್ತುತ್ತಿದ್ದುದು ನೆನಪಿದೆಯಾ? ನೀನು ಅಲ್ಲಿನ ಪಿಯು ಕಾಲೇಜಿನ ಗಣಿತದ ಮೇಷ್ಟ್ರು, ನಾನು ಅದೇ ಕಾಲೇಜಿನ ಎ ಸೆಕ್ಷನ್ ಹುಡುಗಿ. ತೆರಕಣಾಂಬಿ ದಾಟುವಾಗ ಒಂದು ದಿನ ನೀನು ಕೇಳಿದೆ: "ಅಮ್ಮಿ, ಚಾಮ್‌ರಾಜ್‌ನಗರಕ್ಕೆ ಒಂದ್ ಗಂಟೆ, ಸರಿ. ಈಗ ಆ ಹುಣ್ಸೆಮರ ದಾಟ್ತಲ್ಲ, ಆ ಗಳಿಗೇಲಿ ಬಸ್ಸು ಎಷ್ಟು ಜೋರಾಗ್ ಓಯ್ತಾ ಇತ್ತು?" ಆಮೇಲೆ ನೀನೇ ದಾರಿ ತೋರಿಸಿದೆ: "ಅತ್ತು ನಿಮಿಷದಲ್ಲಿ ಓದ ದೂರ ತಕ್ಕೊಂಡು ಕಾಲದಿಂದ ಭಾಗ್ಸು. ಆಮೇಲೆ ಒಂದ್ ನಿಮಿಷದ್ದು. ಆಮೇಲೆ ಒಂದ್ ಸೆಕೆಂಡಿಂದು. ಕಾಲಾನ ಚಿಕ್ಕದು ಮಾಡ್ತಾ ಓಗು, ಸೊನ್ನೆ ಮಾತ್ರ ಮಾಡ್ಬ್ಯಾಡ ಕಣಮ್ಮಿ. ಉತ್ರ ಯಾವ್ದರ ಅತ್ರ ಬತ್ತದೆ ನೋಡು." ಕ್ಯಾಲ್ಕುಲಸ್ಸಿನ ಲಿಮಿಟ್ಟೂ ಡಿರಿವೇಟಿವ್ವೂ ನನಗೆ ಆ ಸೀಟಿನಲ್ಲೇ ತಿಳಿದುಹೋದವು. ಆಮೇಲೆ ಪುಸ್ತಕ ತೆರೆದಾಗ, ಅಯ್ಯೋ ಇಷ್ಟೇನಾ ಅನ್ನಿಸಿತ್ತು.

ನೀನು ಕೂರುತ್ತಿದ್ದ ಸ್ಟಾಫ್ ರೂಮಿನಲ್ಲಿ ಈಗ ನಾನು ಕೂರುತ್ತೇನೆ. ಈ ವರ್ಷ ಮೊದಲ ಕಿರುಪರೀಕ್ಷೆ ಮುಗಿದ ಮೇಲೆ ಪ್ರಿನ್ಸಿಪಾಲರು ಕಡಿಮೆ ಅಂಕದ ಮಕ್ಕಳನ್ನೆಲ್ಲ ಬಿ ಸೆಕ್ಷನ್‌ಗೆ ಹಾಕಿ, ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಪಾಸ್ ಪಟ್ಟಿ. ಮ್ಯಾಟ್ರಿಕ್ಸ್, ವೆಕ್ಟರ್, ಇನ್ನೊಂದೆರಡು ಸುಲಭದ ಪಾಠ, ಇಷ್ಟನ್ನೇ ಉರು ಹೊಡೆಸಿ, ಕ್ಯಾಲ್ಕುಲಸ್ ಪೂರ್ತಿ ಬಿಟ್ಟುಬಿಡಿ ಎಂದರು. ಜೆರಾಕ್ಸಿನ ಜೆರಾಕ್ಸು, ಅಕ್ಷರವೆಲ್ಲ ಮಾಸಿತ್ತು. ಆದರೂ ಏಳರ ಅಂಕಿಗೆ ಹಾಗೆ ಹೊಟ್ಟೆಯ ಮೇಲೆ ಅಡ್ಡಗೀಟು ಎಳೆಯುವವನು ನೀನೊಬ್ಬನೇ ಅಲ್ಲವಾ? "ನಿಮ್ಮ ತಂದೆಯವರದ್ದೇ ಮೇಡಂ. ಹೊಸ ಸಿಲಬಸ್‌ಗೆ ಅಲ್ಲಲ್ಲಿ ತಿದ್ದಿದ್ದೀವಿ ಅಷ್ಟೆ. ಅವರ ಕಾಲದಲ್ಲಿ ಬಿ ಸೆಕ್ಷನ್‌ನಲ್ಲಿ ಒಬ್ಬರೂ ಫೇಲಾಗ್ತಿರಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಪಕ್ಕದ ಬಿ ಸೆಕ್ಷನ್ ಕೋಣೆಗೆ ಹೋಗಿ ನೀನು ಏನು ಪಾಠ ಮಾಡುತ್ತಿದ್ದೆ ಎಂದು ನಾನಲ್ಲಿ ಓದಿದ ಎರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಲಿಲ್ಲವಲ್ಲ...

ಆ ಹಾಳೆಯನ್ನು ನಾನೂ ಹಂಚಿದೆ. ಅದನ್ನು ಮುಚ್ಚಿಡುವುದಿಲ್ಲ. ಸಂತೆಮರಹಳ್ಳಿಯಿಂದ ಬರುವ ಸಿಂಧು ಎನ್ನುವ ಹುಡುಗಿ ಎದ್ದು ನಿಂತು, ಕ್ಯಾಲ್ಕುಲಸ್ ಯಾಕಿಲ್ಲ ಎಂದಳು. ನಿಮಗೆ ಕಷ್ಟವಾಗುತ್ತಮ್ಮ ಎಂದೆ. "ಮಾಡಿದ್ಮೇಲೂ ಬರ್ನಿಲ್ಲ ಅಂದ್ರೆ ಬುಡಿ ಮೇಡಂ. ಮಾಡೋಕ್ ಮುಂಚೇನೇ ನಮ್ಗೆ ಬರಲ್ಲ ಅಂತ ನಿಮ್ಗೆ ಎಂಗ್ ಗೊತ್ತಾಯ್ತು?" ಕೂತ್ಕೋ ಎಂದು ಗದರಿದೆ. ನಿನ್ನನ್ನು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಊರಿನಲ್ಲಿ ಎಷ್ಟು ಜನರನ್ನು ಆಡಿಕೊಂಡಿಲ್ಲ ನೀನು! ಪುಸ್ತಕದಲ್ಲಿ ಎಲ್ಲರಿಗೂ ಅಂತ ಅಚ್ಚಾಗಿದ್ದ ಪಾಠವನ್ನು ತಡೆದ ಪೂಜಾರಿ ಯಾರಪ್ಪಾ?

ಸಿಂಧು ಪಟ್ಟಿ ಒಲ್ಲೆ ಎಂದು ಹಟ ಹಿಡಿದಿದ್ದಕ್ಕೆ ಪ್ರಿನ್ಸಿಪಾಲರು ಅವಳ ಅಪ್ಪನನ್ನು ಕರೆಸಿದರು. ಶಿವಮಲ್ಲು ಅಂತ, ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. "ನಾನೂ ಇದೇ ಕಾಲೇಜು ಮೇಡಂ, ನಿಮ್ ವರ್ಷನೇಯ. ನೀವು ಎ, ನಾನು ಬಿ. ನಿಮ್ಮಪ್ಪಾರು ದ್ಯಾವ್ರು ಕಣಿ. ಅವ್ರ್ ಪಟ್ಟಿ ಓದ್ಕಂಡೇ ಪಾಸಾದೆ. ನಮ್ ಮಗೀಗೆ ನಾನ್ ಬುದ್ಧಿ ಯೋಳ್ತೀನಿ ಬುಡಿ" ಎಂದ. ಮುಂದೆ ಓದಲಿಲ್ಲವಾ ಎಂದೆ. "ಬಿಎಸ್ಸಿ ಸೇರ್ಕಂಡೆ. ಮೊದಲ್ನೇ ವಾರದಿಂದ್ಲೇ ಬರೀ ಡಿರಿವೇಟಿವ್ವು, ಇಂಟಿಗ್ರೇಶನ್ನು. ಎಲ್ರೂ ತಲೆ ಆಡುಸ್ತಿದ್ರು, ನಂಗೊಬ್ಬಂಗೇ ಒಂದೂ ತಿಳೀನಿಲ್ಲ. ಒಂದ್ ತಿಂಗ್ಳಿಗೇ ಬುಟ್ಬುಟ್ಟೆ. ನನ್ ತಲೇನೇ ಅಷ್ಟು, ಯಾರ್ನ ಅನ್ನನ?" ಎಂದು ನಕ್ಕ.

ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ನಿನ್ನ ಮೇಲೆ. ನನ್ನ ಮೇಲೂ. ಬಸ್ಸಿನಲ್ಲಿ ಕಾಲು ಗಂಟೆಯಲ್ಲಿ ನನಗೆ ಹೇಳಿಕೊಟ್ಟದ್ದನ್ನು ಅವರಿಗೂ ಒಂದು ಪೀರಿಯಡ್ಡು, ಒಂದೇ ಒಂದು ಪೀರಿಯಡ್ಡು... ಪಾಸಾದರೆ ಹೇಗೋ ಬದುಕಿಕೊಳ್ಳುತ್ತಾರೆ ಎಂದು ನೀನು ಕರುಣೆಯಿಂದಲೇ ಮಾಡಿದೆ, ಗೊತ್ತು. ನೀನು ಕೆಟ್ಟವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಲೇ ಇರಲಿಲ್ಲ. ಎದುರಿಗಿದ್ದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಈಗ ಯಾರ ಜೊತೆ ಆಡಲಿ?

ನಿನ್ನೆ ಬಿ ಸೆಕ್ಷನ್‌ನಲ್ಲಿ ಕ್ಯಾಲ್ಕುಲಸ್ ಶುರು ಮಾಡಿದೆ. ರಿಸಲ್ಟ್ ಬಿದ್ದರೆ ನೀವೇ ಜವಾಬ್ದಾರಿ ಎಂದು ಪ್ರಿನ್ಸಿಪಾಲರು ಎಲ್ಲರೆದುರೇ ಹೇಳಿದ್ದಾರೆ. ಆಗಲಿ ಎಂದೆ. ಅರ್ಧ ಕ್ಲಾಸು ಕಣ್ಣು ಕಣ್ಣು ಬಿಡುತ್ತಿತ್ತು. ಸಿಂಧು ಮೊದಲ ಲೆಕ್ಕ ತಪ್ಪು ಮಾಡಿದಳು, ಎರಡನೆಯದನ್ನೂ ತಪ್ಪು ಮಾಡಿದಳು, ಅಳಿಸಿ ಮತ್ತೆ ಬರೆಯುತ್ತಿದ್ದಳು. ಅವಳಿಗೆ ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಪರೀಕ್ಷೆಯವರೆಗೂ ಮಾಡುತ್ತೇನೆ, ಒಬ್ಬರನ್ನೂ ಬಿಡದೆ ಮಾಡುತ್ತೇನೆ.

ಇನ್ನೊಂದು ಮಾತು. ಅವತ್ತು ಶಿವಮಲ್ಲು ಹೊರಡುವಾಗ ಗೇಟಿನ ಹತ್ತಿರ ನಿಲ್ಲಿಸಿ ಹೇಳಿಬಿಟ್ಟೆ: "ನಿಮಗೆ ಬರಲಿಲ್ಲ ಅಂತಲ್ಲ. ನಮ್ಮಪ್ಪ ನಿಮಗೆ ಆ ಪಾಠ ಮಾಡಲೇ ಇಲ್ಲ. ನಮಗೆ ಮಾಡಿದರು." ಬೈಯುತ್ತಾನೇನೋ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಕಿಗೆ ಹಾಕಿದ್ದ ಕೀಲಿಯನ್ನು ವಾಪಸ್ ತೆಗೆದ. ನಲವತ್ತು ದಾಟಿದ ಗಂಡಸು ಅಪ್ಪಾ, ಮಗಳ ವಯಸ್ಸಿನ ಹುಡುಗರ ಹಾಗೆ ನನ್ನ ಮುಖ ನೋಡಿ ಕೇಳಿದ: "ಅಂಗಾರೆ, ನಾನು ದಡ್ಡ ಅಲ್ವಾ ಮೇಡಂ?"

ಅಲ್ಲ ಎಂದೆ. ನೀನು ಹೇಳಬೇಕಾಗಿದ್ದ ಮಾತು ಅದು.